ಕಾಡಿನಲ್ಲಿ ಒಂದು ರಾತ್ರಿ: ಚೀಲ ಕಟ್ಟುವ ಮುನ್ನ



ಕಾಡು, ಬೆಟ್ಟ, ವನ್ಯಜೀವಿಗಳ ಬಗ್ಗೆ ಮಾತುಕತೆ ಪ್ರಸಾರವಾದಾಗಲೆಲ್ಲ ನಮಗೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ. "ನಾವು ನಾಲ್ಕೈದು ಮಂದಿ ಗೆಳೆಯರು ಕಾಡಿನಲ್ಲಿ ಒಂದು ರಾತ್ರಿ ಕಳೆಯಬೇಕೆಂದಿದ್ದೇವೆ. ಹೇಗೆ ಹೋಗಬೇಕು? ಏನೇನು ಒಯ್ಯಬೇಕು?" ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಇದಕ್ಕೆ ಪೂರ್ತಿ ಉತ್ತರ ಕೊಡಲು ಸಮಯ ಸಾಲುವುದಿಲ್ಲ. ಆದ್ದರಿಂದ ಈ ಪುಟಗಳಲ್ಲಿ ಸಾವಧಾನವಾಗಿ ಬರೆಯುತ್ತಿದ್ದೇನೆ. ಆದರೆ ಅದಕ್ಕೆ ಮೊದಲು ನಾನೇ ಮಾಡಿದ ಒಂದು ತಪ್ಪನ್ನು ಹೇಳಿಬಿಡಬೇಕು.

2001ರ ಡಿಸೆಂಬರ್. ನಾನಾಗ ಬಿ.ಎಸ್‌ಸಿ. ಎರಡನೆಯ ವರ್ಷದಲ್ಲಿದ್ದೆ. ಐದು ಮಂದಿ ಗೆಳೆಯರು ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರಪರ್ವತ ಹತ್ತಲು ಹೊರಟೆವು. ತಿಂಡಿ, ಹರಟೆ ಎಲ್ಲ ಮುಗಿಸಿ ಹೆಜ್ಜೆ ಹಾಕಿದಾಗ ಬೆಳಗ್ಗೆ ಹತ್ತು ಗಂಟೆ. ಐವರಿಗೂ ಸೇರಿ ಮೂರು ಲೀಟರ್ ನೀರು. ಒಂದೇ ಟಾರ್ಚು, ಅದರೊಳಗೆ ಹಳೆಯ ಸೆಲ್ಲುಗಳು. ಒಬ್ಬನ ಚೀಲದಲ್ಲಿ ಎರಡು ಕಿಲೋ ಕಿತ್ತಳೆ ಹಣ್ಣು, ಇನ್ನೊಬ್ಬನ ಹೆಗಲಿಗೆ ಟೇಪ್ ರೆಕಾರ್ಡರ್. ಗಿರಿಗದ್ದೆ ದಾಟಿ ಕಲ್ಲುಮಂಟಪಕ್ಕೆ ಬರುವಷ್ಟರಲ್ಲಿ ಬಾಯಿ ಒಣಗಿತ್ತು. ಶಿಖರ ಮುಟ್ಟಿದಾಗ ಸಂಜೆ ಐದೂವರೆ. ಸಂತೋಷದಿಂದ ಕೂಗಾಡಿ ಇಳಿಯತೊಡಗಿದೆವು. ಶೇಷಪರ್ವತದ ಹತ್ತಿರ ಕತ್ತಲಾಯಿತು, ಟಾರ್ಚು ಮಂಕಾಯಿತು, ಒಬ್ಬ ಗೆಳೆಯ ಜಾರಿ ಪಾದ ಉಳುಕಿಸಿಕೊಂಡ. ಮುಂದೆ ಹೋಗಲಾರದೆ ಗಾಳಿ ಬೀಸುವ ಬಂಡೆಯ ಮರೆಯಲ್ಲಿ ಇಡೀ ರಾತ್ರಿ ಕುಳಿತೆವು. ಮೈಮೇಲಿದ್ದುದು ಬೆವರಿನಿಂದ ತೊಯ್ದ ಹತ್ತಿ ಅಂಗಿ. ನಡುರಾತ್ರಿಯ ಹೊತ್ತಿಗೆ ಪೆಟ್ಟು ತಿಂದ ಗೆಳೆಯನ ನಡುಕ ನಿಂತಿತು. ಅವನು ತೊದಲುತ್ತಾ ಏನೇನೋ ಮಾತಾಡತೊಡಗಿದ. ನಡುಕ ನಿಂತಿತಲ್ಲ, ಹುಷಾರಾದ ಎಂದುಕೊಂಡೆವು. ವಾಸ್ತವವಾಗಿ ಅದು ಆ ರಾತ್ರಿಯ ಅತ್ಯಂತ ಅಪಾಯದ ಗಳಿಗೆಯಾಗಿತ್ತು. ಎಲ್ಲರೂ ಅವನನ್ನು ನಡುವೆ ಕೂರಿಸಿಕೊಂಡು ಅಂಟಿಕೊಂಡು ಕುಳಿತದ್ದೇ ಅವನನ್ನು ಉಳಿಸಿತು. ತಿಳಿದು ಮಾಡಿದ್ದಲ್ಲ, ನಮಗೂ ಚಳಿಯಾಗಿತ್ತು, ಅಷ್ಟೆ.

ಅಂದು ನಮ್ಮಲ್ಲಿ ಧೈರ್ಯಕ್ಕೆ ಕೊರತೆ ಇರಲಿಲ್ಲ. ಕೊರತೆ ಇದ್ದುದು ಲೆಕ್ಕಾಚಾರಕ್ಕೆ. ಐವರೂ ವಿಜ್ಞಾನದ ವಿದ್ಯಾರ್ಥಿಗಳು ಎಂಬುದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮೊದಲ ಹೆಜ್ಜೆ ಅನುಮತಿ

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ ಎಂದರೆ ಊರಿನ ಉದ್ಯಾನವನವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಮತಿ ಪತ್ರವಿಲ್ಲದೆ ಹೊರಗಿನವರು ಅಲ್ಲಿ ಕಾಲಿಡುವಂತಿಲ್ಲ. ಪ್ರಾಣಿಗಳನ್ನು ಕೆಣಕುವುದು, ಕಸ ಎಸೆಯುವುದು, ಬೆಂಕಿ ಹಚ್ಚುವುದು ಇವೆಲ್ಲ ಅದೇ ಕಾಯಿದೆಯಲ್ಲಿ ನಿಷೇಧಿತ. ಬಿಸ್ಕತ್ತಿನ ಹೊದಿಕೆಯನ್ನು ಅಲ್ಲಿ ಎಸೆಯುವುದು ಕೇವಲ ಅಸಭ್ಯತೆಯಲ್ಲ, ಕಾನೂನಿನ ಉಲ್ಲಂಘನೆ.

ನಮ್ಮ ಕುಮಾರಪರ್ವತವನ್ನೇ ನೋಡಿ. 1712 ಮೀಟರ್ ಎತ್ತರದ ಈ ಶಿಖರ ಇರುವುದು ಪುಷ್ಪಗಿರಿ ವನ್ಯಜೀವಿ ಅಭಯಾರಣ್ಯದಲ್ಲಿ. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟಗಳನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿದಾಗ ಆ ಪಟ್ಟಿಯಲ್ಲಿ ಪುಷ್ಪಗಿರಿಯೂ ಸೇರಿತು. 2024ರ ಜನವರಿಯ ಕೊನೆಯ ರಜಾ ದಿನಗಳಲ್ಲಿ ಇಲ್ಲಿ ಸಾವಿರಾರು ಜನ ಒಮ್ಮೆಲೇ ಬಂದು ಸೇರಿದರು. ಕಿರಿದಾದ ಕಾಲುದಾರಿಯಲ್ಲಿ ಜಾತ್ರೆಯಂತೆ ಸಾಲುಗಟ್ಟಿದ ಚಾರಣಿಗರ ಚಿತ್ರಗಳನ್ನು ನೀವೂ ನೋಡಿರಬಹುದು. ಅದಾದ ಮೇಲೆ ಸರ್ಕಾರ ಚಾರಣಗಳಿಗೆ ತಾತ್ಕಾಲಿಕ ತಡೆ ಹಾಕಿ, ಅದೇ ವರ್ಷ ದಿನಕ್ಕೆ ಇಷ್ಟೇ ಮಂದಿ ಎಂಬ ಮಿತಿಯೊಂದಿಗೆ ಆನ್‌ಲೈನ್ ಮೂಲಕ ಕಾಯ್ದಿರಿಸುವ ವ್ಯವಸ್ಥೆ ತಂದಿತು.

ಆದ್ದರಿಂದ ಅಣ್ಣನೋ ಚಿಕ್ಕಪ್ಪನೋ "ನಾವು ಆಗ ಹಾಗೆ ಹೋಗಿದ್ದೆವು, ಅಲ್ಲೇ ಮಲಗಿದ್ದೆವು" ಎಂದು ಹೇಳಿದ್ದನ್ನು ನಂಬಿ ಹೊರಡಬೇಡಿ. ಈ ದಾರಿ ಈ ತಿಂಗಳು ತೆರೆದಿದೆಯೇ? ರಾತ್ರಿ ತಂಗಲು ಅವಕಾಶವಿದೆಯೇ? ಇದ್ದರೆ ಯಾವ ಜಾಗದಲ್ಲಿ? ಮಾರ್ಗದರ್ಶಕ ಜೊತೆಗಿರಬೇಕೇ? ಈ ನಾಲ್ಕು ಪ್ರಶ್ನೆಗಳಿಗೆ ಅರಣ್ಯ ಇಲಾಖೆಯಿಂದಲೇ ಉತ್ತರ ಪಡೆಯಬೇಕು. ಸಾಮಾನ್ಯವಾಗಿ ಮಳೆಗಾಲದಲ್ಲಿ ಜಾರಿಕೆ ಮತ್ತು ಪ್ರವಾಹದ ಕಾರಣಕ್ಕೆ, ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಕಾರಣಕ್ಕೆ ದಾರಿಗಳನ್ನು ಮುಚ್ಚುತ್ತಾರೆ. ಇದು ಕಿರುಕುಳವಲ್ಲ. 2018ರ ಮಾರ್ಚ್ 11ರಂದು ತಮಿಳುನಾಡಿನ ಥೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಒಣಹುಲ್ಲಿಗೆ ಹತ್ತಿದ ಬೆಂಕಿಯಲ್ಲಿ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಪ್ರಾಣ ಕಳೆದುಕೊಂಡರು. ಬೆಂಕಿ ಇಳಿಜಾರಿನಲ್ಲಿ ಮೇಲ್ಮುಖವಾಗಿ ಬಹಳ ವೇಗವಾಗಿ ಏರುತ್ತದೆ. ಜ್ವಾಲೆಯ ಬಿಸಿ ಮೇಲಿನ ಹುಲ್ಲನ್ನು ಮೊದಲೇ ಒಣಗಿಸಿ ಸಿದ್ಧಮಾಡಿಟ್ಟಿರುತ್ತದೆ. ಓಡುವ ಮನುಷ್ಯ ಅದನ್ನು ಹಿಂದೆ ಹಾಕಲಾರ.

ಜಾಗದ ಆಯ್ಕೆ

ನಮ್ಮ ರಾಜ್ಯದ ಕಾಡುಗಳಲ್ಲಿ ಆನೆ, ಹುಲಿಗಳ ಓಡಾಟವಿರುವುದರಿಂದ ಬಹುಪಾಲು ಕಡೆ ಬೆಳಗ್ಗೆ ಹೊರಟು ಸಂಜೆಯೊಳಗೆ ಮರಳುವುದೇ ಸರಿಯಾದ ಕ್ರಮ. ಚೀಲ ಹೊತ್ತು ನಡೆದು ಕಾಡಿನೊಳಗೇ ರಾತ್ರಿ ಕಳೆದು ಬರುವ ಅನುಭವ ಬೇಕೆಂದರೆ, ಅದಕ್ಕೆಂದೇ ಬಿಡಾರದ ತಾಣಗಳನ್ನು ಗೊತ್ತುಮಾಡಿರುವ ಉದ್ಯಾನವನ್ನು ಆರಿಸಿಕೊಳ್ಳುವುದು ಮೇಲು. ಉದಾಹರಣೆಗೆ ಹಿಮಾಚಲ ಪ್ರದೇಶದ ಕುಲ್ಲು ಜಿಲ್ಲೆಯ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನವನ್ನು ತೆಗೆದುಕೊಳ್ಳೋಣ. ಉತ್ತರಕ್ಕೆ ಪ್ರವಾಸ ಹೋಗುವ ಕಾಲೇಜು ತಂಡಗಳಿಗೆ ಇದು ಕೈಗೆಟುಕುವಂಥದು.

ಉದ್ಯಾನದ ವಿಸ್ತಾರ ಸುಮಾರು 754 ಚದರ ಕಿಲೋಮೀಟರ್. 2014ರಲ್ಲಿ ಇದೂ ವಿಶ್ವ ಪರಂಪರೆಯ ಪಟ್ಟಿ ಸೇರಿತು. ತೀರ್ಥನ್, ಸೈಂಜ್, ಜೀವಾ, ಪಾರ್ವತಿ ಈ ನದಿಗಳ ಮೇಲ್ಭಾಗದ ಕಣಿವೆಗಳು ಇದರಲ್ಲಿವೆ. ದೇವದಾರು, ಓಕ್ ಮರಗಳ ಕಾಡು, ಮೇಲೆ ಹುಲ್ಲುಗಾವಲು, ಅದರ ಮೇಲೆ ಹಿಮ. ಕಸ್ತೂರಿ ಮೃಗ, ಕಪ್ಪು ಕರಡಿ, ಹಿಮ ಚಿರತೆಗಳಿಗೆ ಇದು ನೆಲೆ. ಹಿಮಾಚಲದ ರಾಜ್ಯಪಕ್ಷಿಯಾದ ಜುಜುರಾಣಾ ಎಂಬ ಸುಂದರ ಕಾಡುಕೋಳಿ ಜಾತಿಯ ಹಕ್ಕಿಯೂ ಇಲ್ಲಿದೆ.

ಚಂಡೀಗಢದಿಂದ ಕುಲ್ಲು ಕಡೆಗೆ ಹೋಗುವ ಬಸ್ಸಿನಲ್ಲಿ ಔಟ್ ಎಂಬಲ್ಲಿ ಇಳಿದು, ಬಂಜಾರ್ ಮಾರ್ಗವಾಗಿ ತೀರ್ಥನ್ ಕಣಿವೆಯ ಗುಶೈಣಿ ಎಂಬ ಊರು ಸೇರಬೇಕು. ದಾರಿಯಲ್ಲಿ ಸಿಗುವ ಸಾಯಿರೋಪಾದಲ್ಲಿ ಉದ್ಯಾನದ ಮಾಹಿತಿ ಕೇಂದ್ರವಿದೆ. ಅನುಮತಿಯ ವಿಚಾರವನ್ನು ಮುಂಚಿತವಾಗಿಯೇ ಇತ್ಯರ್ಥ ಮಾಡಿಕೊಂಡು, ಗುರುತಿನ ಚೀಟಿಯ ಪ್ರತಿಗಳನ್ನು ಇಟ್ಟುಕೊಂಡಿರಬೇಕು. ಗುಶೈಣಿಯಿಂದ ನದಿಯ ಪಕ್ಕದ ಕಾಲುದಾರಿಯಲ್ಲಿ ಸುಮಾರು 10 ಕಿಲೋಮೀಟರ್ ನಡೆದರೆ ಉದ್ಯಾನದ ಗಡಿಯೊಳಗಿನ ಮೊದಲ ಬಿಡಾರ ರೋಲಾ ಸಿಗುತ್ತದೆ. ಎತ್ತರ ಸುಮಾರು 2100 ಮೀಟರ್. ಏಪ್ರಿಲ್‌ನಿಂದ ಜೂನ್ ಮಧ್ಯದವರೆಗೆ ಮತ್ತು ಮಳೆ ಮುಗಿದ ಮೇಲೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ಹೋಗಲು ಒಳ್ಳೆಯ ಕಾಲ. ಎತ್ತರದ ಬೇನೆ ಸಾಮಾನ್ಯವಾಗಿ ಕಾಡತೊಡಗುವುದು 2500 ಮೀಟರ್ ದಾಟಿದ ಮೇಲೆ. ಬಯಲುಸೀಮೆಯಿಂದ ಹೋದ ಹೊಸಬರಿಗೆ ರೋಲಾ ಹಿತವೆನ್ನಲು ಅದೂ ಒಂದು ಕಾರಣ.

ಇನ್ನೊಂದು ಮಾತು. 1999ರಲ್ಲಿ ಈ ಉದ್ಯಾನದ ಅಂತಿಮ ಅಧಿಸೂಚನೆ ಹೊರಟಾಗ ಸುತ್ತಲ ಹಳ್ಳಿಗಳವರು ಅಲ್ಲಿ ಕುರಿ ಮೇಯಿಸುವ, ಗಿಡಮೂಲಿಕೆ ಸಂಗ್ರಹಿಸುವ ಹಕ್ಕನ್ನು ಕಳೆದುಕೊಂಡರು. ಇಂದು ಅದೇ ಹಳ್ಳಿಗಳ ಅನೇಕರು ಮಾರ್ಗದರ್ಶಕರಾಗಿ, ಹೊರೆಯಾಳುಗಳಾಗಿ ದುಡಿಯುತ್ತಾರೆ. ಸ್ಥಳೀಯ ಮಾರ್ಗದರ್ಶಕರನ್ನು ಕರೆದುಕೊಂಡು ಹೋಗುವುದು ದುಂದು ವೆಚ್ಚವಲ್ಲ. ಆ ದಾರಿ ತಿಳಿದವರು ಅವರು. ಕಾಡು ಉಳಿಸಲು ಬೆಲೆ ತೆತ್ತವರೂ ಅವರೇ.

ಸಮಯದ ಲೆಕ್ಕ

1892ರಲ್ಲಿ ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ಒಂದು ಸುಲಭ ಸೂತ್ರ ಕೊಟ್ಟ. ಪ್ರತಿ 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ. ಅದರ ಮೇಲೆ, ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಇದು ಪಳಗಿದವರ ಲೆಕ್ಕ, ವಿಶ್ರಾಂತಿಯ ಸಮಯ ಸೇರಿಲ್ಲ. ಹೊರೆ ಹೊತ್ತ ಹೊಸಬರು ಬಂದ ಉತ್ತರಕ್ಕೆ ಅದರ ಅರ್ಧದಷ್ಟನ್ನು ಸೇರಿಸಿಕೊಳ್ಳುವುದು ಕ್ಷೇಮ.

ರೋಲಾಕ್ಕೆ 10 ಕಿಲೋಮೀಟರ್, ಅಂದರೆ 2 ಗಂಟೆ. ಏರಿಕೆ 600 ಮೀಟರ್ ಎಂದು ಇಟ್ಟುಕೊಂಡರೆ 1 ಗಂಟೆ. ಒಟ್ಟು 3 ಗಂಟೆ. ಅರ್ಧ ಸೇರಿಸಿದರೆ ನಾಲ್ಕೂವರೆ. ಊಟಕ್ಕೆ, ಹಕ್ಕಿ ನೋಡುವುದಕ್ಕೆ ಒಂದು ಗಂಟೆ. ಬೆಳಗ್ಗೆ 9ಕ್ಕೆ ಹೊರಟರೆ ಮಧ್ಯಾಹ್ನ ಎರಡೂವರೆಗೆ ತಲುಪುತ್ತೀರಿ. ಡೇರೆ ಹಾಕಲು, ನೀರು ತರಲು, ಸುತ್ತ ನೋಡಲು ಮೂರು ಗಂಟೆಗೂ ಹೆಚ್ಚು ಬೆಳಕು ಉಳಿಯುತ್ತದೆ.

ಈಗ ಇದೇ ಲೆಕ್ಕವನ್ನು ನಮ್ಮ 2001ರ ಸಾಹಸಕ್ಕೆ ಹಾಕಿ ನೋಡಿ. ಕುಕ್ಕೆಯಿಂದ ಶಿಖರಕ್ಕೆ ಸುಮಾರು 13 ಕಿಲೋಮೀಟರ್. ಎರಡು ಗಂಟೆ ಮೂವತ್ತೈದು ನಿಮಿಷ. ಏರಿಕೆ ಸುಮಾರು 1600 ಮೀಟರ್. ಎರಡು ಗಂಟೆ ನಲವತ್ತು ನಿಮಿಷ. ಒಟ್ಟು ಐದೂಕಾಲು ಗಂಟೆ, ಅರ್ಧ ಸೇರಿಸಿದರೆ ಹೆಚ್ಚುಕಡಿಮೆ ಎಂಟು. ಹತ್ತಕ್ಕೆ ಹೊರಟವರು ಆರು ಗಂಟೆಯ ಸುಮಾರಿಗೆ ಶಿಖರದಲ್ಲಿರುತ್ತಾರೆ. ಡಿಸೆಂಬರ್‌ನಲ್ಲಿ ನಮ್ಮ ಕಡೆ ಸೂರ್ಯ ಮುಳುಗುವುದು ಆರು ದಾಟಿದ ಸ್ವಲ್ಪ ಹೊತ್ತಿಗೇ. ಎರಡು ನಿಮಿಷ ಕಾಗದ ಪೆನ್ನು ಹಿಡಿದಿದ್ದರೆ, ಕತ್ತಲು ನಮ್ಮನ್ನು ಎಲ್ಲಿ ಹಿಡಿಯುತ್ತದೆ ಎಂಬುದು ಕುಕ್ಕೆಯ ರಥಬೀದಿಯಲ್ಲೇ ಗೊತ್ತಾಗುತ್ತಿತ್ತು.

ಚೀಲ ತುಂಬುವ ಕ್ರಮ

ಬೆನ್ನುಚೀಲದ ತೂಕ ನಿಮ್ಮ ದೇಹದ ತೂಕದ ಐದನೆಯ ಒಂದು ಭಾಗದೊಳಗಿರಲಿ. 50 ಕಿಲೋ ತೂಗುವವರಿಗೆ 10 ಕಿಲೋ ಸಾಕು. ಮನೆಯಲ್ಲೇ ತೂಗಿ ನೋಡಿ. ತುಂಬಿದ ಚೀಲ ಹೊತ್ತು ಹೊರಡುವ ಮೊದಲ ವಾರದಲ್ಲಿ ಎರಡು ಸಲವಾದರೂ ಮೂರು ನಾಲ್ಕು ಕಿಲೋಮೀಟರ್ ನಡೆಯಿರಿ, ಮೆಟ್ಟಿಲು ಹತ್ತಿ ಇಳಿಯಿರಿ. ಹೊಸ ಬೂಟು ಧರಿಸಿ ನೇರ ಬೆಟ್ಟಕ್ಕೆ ಹೋಗಲೇಬೇಡಿ. ಹಿಮ್ಮಡಿಯ ಬೊಕ್ಕೆ ಇಡೀ ತಂಡವನ್ನು ನಿಲ್ಲಿಸಬಲ್ಲದು.

ಭಾರದ ವಸ್ತುಗಳು ಚೀಲದ ನಡುಭಾಗದಲ್ಲಿ, ಬೆನ್ನಿಗೆ ಒತ್ತಿಕೊಂಡಂತೆ ಇರಲಿ. ಭೌತಶಾಸ್ತ್ರದಲ್ಲಿ ತಿರುಗುಬಲದ ಪಾಠ ಓದಿದ್ದೀರಲ್ಲ? ಭಾರ ಬೆನ್ನಿನಿಂದ ದೂರವಾದಷ್ಟೂ ಅದು ನಿಮ್ಮನ್ನು ಹಿಂದಕ್ಕೆ ಎಳೆಯುತ್ತದೆ. ಅದನ್ನು ಸರಿದೂಗಿಸಲು ನೀವು ಮುಂದಕ್ಕೆ ಬಾಗುತ್ತೀರಿ, ಸೊಂಟ ನೋಯುತ್ತದೆ. ಹಗುರವಾದ ಮಲಗುವ ಚೀಲ ಕೆಳಗೆ, ಮಳೆಯಂಗಿ ಮತ್ತು ಟಾರ್ಚು ಮೇಲೆ. ಸೊಂಟದ ಪಟ್ಟಿಯನ್ನು ಬಿಗಿಯಾಗಿ ಕಟ್ಟಿ. ಭಾರ ಹೆಗಲಿನ ಬದಲು ಸೊಂಟದ ಮೂಳೆಗಳ ಮೇಲೆ ಕೂರಬೇಕು. ಒಣ ಬಟ್ಟೆ ಮತ್ತು ಮಲಗುವ ಚೀಲವನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಟಾರ್ಚು ತಲೆಗೊಂದು, ಜೊತೆಗೆ ಹೊಸ ಬ್ಯಾಟರಿ. ಮೊಬೈಲ್ ಫೋನಿನ ಬೆಳಕನ್ನು ಟಾರ್ಚೆಂದು ಎಣಿಸಬೇಡಿ. ಚಳಿಯಲ್ಲಿ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗಿ ಅದು ಬೇಗ ಸೋಲುತ್ತದೆ. ರಾತ್ರಿ ಅದನ್ನು ಮಲಗುವ ಚೀಲದೊಳಗೆ ಇಟ್ಟುಕೊಳ್ಳಿ.

ನೀರು ಮತ್ತು ಬುತ್ತಿ

ನಡೆಯುವಾಗ ಗಂಟೆಗೆ ಅರ್ಧ ಲೀಟರ್ ನೀರು ಬೇಕು. ಬಿಸಿಲಿನ ಏರಿಕೆಯಲ್ಲಿ ಇನ್ನೂ ಹೆಚ್ಚು. ಒಂದು ಲೀಟರ್ ನೀರೆಂದರೆ ಒಂದು ಕಿಲೋ ಭಾರ. ಹಾಗಾಗಿ ಎರಡು ದಿನದ ನೀರನ್ನೆಲ್ಲ ಹೊರಲಾಗದು. ದಾರಿಯಲ್ಲಿ ನೀರು ಎಲ್ಲಿ ಸಿಗುತ್ತದೆ ಎಂದು ಮೊದಲೇ ಕೇಳಿ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಬೇಕು. ಎರಡು ಗುರುತುಗಳ ನಡುವಿನ ಗಂಟೆಗಳನ್ನು ಎಣಿಸಿದರೆ ಎಷ್ಟು ಲೀಟರ್ ಹೊರಬೇಕೆಂಬುದು ಸಿಗುತ್ತದೆ. ಕುಮಾರಪರ್ವತದಲ್ಲಿ ಐವರು ಏಳೂವರೆ ಗಂಟೆ ನಡೆಯಲು ನಮಗೆ ಬೇಕಿದ್ದುದು ಸುಮಾರು 19 ಲೀಟರ್. ನಮ್ಮ ಬಳಿ ಇದ್ದುದು ಮೂರು!

ತೊರೆಯ ನೀರು ಎಷ್ಟೇ ತಿಳಿಯಾಗಿ ಕಂಡರೂ ಹಾಗೆಯೇ ಕುಡಿಯಬಾರದು. ಮೇಲೆ ಎಲ್ಲೋ ಪ್ರಾಣಿಯೊಂದು ಸತ್ತು ಬಿದ್ದಿರಬಹುದು. ಬಟ್ಟೆಯಲ್ಲಿ ಸೋಸಿ ಕುದಿಸಿ. ಎತ್ತರ ಹೆಚ್ಚಾದಂತೆ ವಾಯುಭಾರ ಕಡಿಮೆಯಾಗಿ ನೀರು ಬೇಗ ಕುದಿಯುತ್ತದೆ. ರೋಲಾದ ಎತ್ತರದಲ್ಲಿ ಸುಮಾರು 93 ಡಿಗ್ರಿಗೇ ಕುದಿ ಬರುತ್ತದೆ. ರೋಗಾಣುಗಳನ್ನು ಕೊಲ್ಲಲು ಅಷ್ಟು ಬಿಸಿ ಸಾಕು. ಆದರೆ 2000 ಮೀಟರ್ ದಾಟಿದ ಮೇಲೆ ಒಂದು ನಿಮಿಷದ ಬದಲು ಮೂರು ನಿಮಿಷ ಕುದಿಯಬೇಕು. ಅನ್ನ, ಬೇಳೆ ಬೇಯುವುದು ತಡವಾಗುವುದೂ ಇದೇ ಕಾರಣಕ್ಕೆ. ಕ್ಲೋರಿನ್ ಮಾತ್ರೆಗಳಿದ್ದರೆ ಪೊಟ್ಟಣದ ಮೇಲೆ ಹೇಳಿದಷ್ಟು ಹೊತ್ತು ಕಾಯಿರಿ. ಯಾರಿಗಾದರೂ ಭೇದಿ ಹಿಡಿದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಆಗಾಗ ಗುಟುಕರಿಸಲು ಕೊಡಿ.

ಬುತ್ತಿಗೆ ಅಂಗಡಿಯ ಬಣ್ಣದ ಪೊಟ್ಟಣಗಳು ಬೇಕಿಲ್ಲ. ನೂರು ಗ್ರಾಂ ಕಡಲೆಕಾಯಿ ಬೀಜದಲ್ಲಿ ಸುಮಾರು 570 ಕ್ಯಾಲೊರಿ ಶಕ್ತಿಯಿದೆ, ಬೆಲ್ಲದಲ್ಲಿ ಸುಮಾರು 380. ಕಿತ್ತಳೆಯಲ್ಲಿ 50ರ ಆಸುಪಾಸು ಮಾತ್ರ, ಉಳಿದದ್ದು ಬಹುಪಾಲು ನೀರು. ಹುರಿದ ಬೀಜ, ಬೆಲ್ಲ, ಹುರಿಗಡಲೆ, ಕೊಬ್ಬರಿ, ಒಗ್ಗರಣೆ ಅವಲಕ್ಕಿ, ಹುರಿಹಿಟ್ಟು, ಚಪಾತಿ, ಚಟ್ನಿಪುಡಿ ಇವು ಕೆಡದೆ, ಹಗುರವಾಗಿ, ಒಲೆ ಇಲ್ಲದೆಯೂ ಹೊಟ್ಟೆ ತುಂಬಿಸುತ್ತವೆ. ನಮ್ಮ ಅಜ್ಜಿಯರು ಬಂಡಿ ಪ್ರಯಾಣಕ್ಕೆ ಕಟ್ಟಿಕೊಡುತ್ತಿದ್ದ ಬುತ್ತಿಯೇ ಚಾರಣಕ್ಕೂ ತಕ್ಕದ್ದು. ಒಂದು ಹೊತ್ತಿನ ಊಟವನ್ನು ಹೆಚ್ಚಿಗೆ ಒಯ್ದು, ಮುಟ್ಟದೆ ಇಟ್ಟಿರಿ. ಗ್ಯಾಸ್ ಡಬ್ಬಿ, ಸೀಮೆಎಣ್ಣೆ, ಸ್ಪಿರಿಟ್‌ಗಳನ್ನು ರೈಲಿನಲ್ಲಾಗಲಿ ವಿಮಾನದಲ್ಲಾಗಲಿ ಒಯ್ಯುವಂತಿಲ್ಲ; ಒಲೆಯ ಏರ್ಪಾಡನ್ನು ಅಲ್ಲಿಯ ಮಾರ್ಗದರ್ಶಕರ ಮೂಲಕವೇ ಮಾಡಿಕೊಳ್ಳಿ. ಕಾಡಿನ ಸೌದೆ ನಮ್ಮದಲ್ಲ. ಬಿದ್ದು ಕೊಳೆಯುವ ಕೊಂಬೆಯೂ ಕೀಟಗಳಿಗೆ ಮನೆ, ಮಣ್ಣಿಗೆ ಗೊಬ್ಬರ.

ಚಳಿಯ ಗಣಿತ

ಮೇಲೇರಿದಂತೆ ಪ್ರತಿ ಸಾವಿರ ಮೀಟರಿಗೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಕುಕ್ಕೆಯ ಬೆಚ್ಚನೆಯ ಬೆಳಗಿನಲ್ಲಿ ಹೊರಟ ನಾವು 1600 ಮೀಟರ್ ಮೇಲೆ ಹತ್ತು ಡಿಗ್ರಿ ಕಡಿಮೆ ಉಷ್ಣತೆಯಲ್ಲಿದ್ದೆವು. ಅದರ ಮೇಲೆ ರಾತ್ರಿ, ಅದರ ಮೇಲೆ ಗಾಳಿ, ಅದರ ಮೇಲೆ ಒದ್ದೆ ಬಟ್ಟೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಹತ್ತಿ ಬಟ್ಟೆ ಬೆವರನ್ನು ಹೀರಿ ಹಾಗೆಯೇ ಹಿಡಿದಿಟ್ಟುಕೊಳ್ಳುತ್ತದೆ. ಉಣ್ಣೆ ಸ್ವಲ್ಪ ಒದ್ದೆಯಾದರೂ ಬೆಚ್ಚಗಿಡುತ್ತದೆ. ಒಂದೇ ದಪ್ಪ ಕೋಟಿಗಿಂತ ಎರಡು ಮೂರು ತೆಳು ಪದರಗಳು ಮೇಲು. ನಡುವೆ ಸಿಕ್ಕಿಕೊಂಡ ಗಾಳಿಯೇ ನಿಜವಾದ ಕಂಬಳಿ. ಬಿಡಾರ ತಲುಪಿದ ಕೂಡಲೇ, ಚಳಿ ಹತ್ತುವ ಮೊದಲೇ, ಒಣ ಬಟ್ಟೆಗೆ ಬದಲಾಯಿಸಿ. ಮಲಗುವ ಚೀಲದ ಕೆಳಗೆ ಚಾಪೆ ಹಾಸಿ. ನಮ್ಮ ತೂಕಕ್ಕೆ ಕೆಳಗಿನ ಹತ್ತಿ ಅಮುಕಿಹೋಗಿ ಗಾಳಿಯ ಪದರ ಇಲ್ಲವಾಗುವುದರಿಂದ ಮೈಯ ಶಾಖ ನೆಲಕ್ಕೆ ಹರಿದುಹೋಗುತ್ತದೆ.

ನಮ್ಮ ದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ. ಅದು 35ಕ್ಕಿಂತ ಕೆಳಗಿಳಿದರೆ ಶೀತಾಘಾತ. ಮೊದಲು ಜೋರು ನಡುಕ. ನಂತರ ಬೆರಳುಗಳು ಮಾತು ಕೇಳುವುದಿಲ್ಲ, ನಾಲಗೆ ತೊದಲುತ್ತದೆ, ಹೆಜ್ಜೆ ಎಡವುತ್ತದೆ, ಬುದ್ಧಿ ಮಂಕಾಗುತ್ತದೆ. ಬೆಚ್ಚಗಾಗದೆಯೇ ನಡುಕ ನಿಂತರೆ ದೇಹ ಸೋಲುತ್ತಿದೆ ಎಂದರ್ಥ. ತನಗೆ ಹೀಗಾಗುತ್ತಿದೆ ಎಂಬುದು ರೋಗಿಗೇ ತಿಳಿಯುವುದಿಲ್ಲ. ಜೊತೆಯವರು ಗಮನಿಸಬೇಕು. ಕೂಡಲೇ ಗಾಳಿಯಿಂದ ಮರೆಮಾಡಿ, ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ ಹಾಕಿ, ನೆಲಕ್ಕೆ ಏನಾದರೂ ಹಾಸಿ, ತಲೆ ಮುಚ್ಚಿ, ಎಚ್ಚರವಿದ್ದು ನುಂಗಬಲ್ಲವರಾದರೆ ಬಿಸಿಯಾದ ಸಿಹಿ ಪಾನೀಯ ಕೊಡಿ. ಮದ್ಯ ಕೊಡಬಾರದು, ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಗೆ ಚೆಲ್ಲುತ್ತದೆ. ಇಷ್ಟು ತಿಳಿದಿದ್ದರೆ ಅಂದು ನಾವು ಗೆಳೆಯನ ನಡುಕ ನಿಂತದ್ದಕ್ಕೆ ಸಮಾಧಾನಪಡುತ್ತಿರಲಿಲ್ಲ.

ಬಿಡಾರದ ಶಿಸ್ತು

ಗೊತ್ತುಮಾಡಿದ ಜಾಗದಲ್ಲಷ್ಟೇ ಡೇರೆ ಹಾಕಿ. ಒಣಗಿದ ಹೊಳೆಯ ಪಾತ್ರ ಸಮತಟ್ಟಾಗಿ ಎಷ್ಟೇ ಆಹ್ವಾನಿಸಿದರೂ ಅಲ್ಲಿ ಮಲಗಬೇಡಿ. ಮಳೆ ಬೀಳುವುದು ನಿಮ್ಮ ತಲೆಯ ಮೇಲೆಯೇ ಆಗಬೇಕೆಂದಿಲ್ಲ, ಮೇಲಿನ ಕಣಿವೆಯಲ್ಲಿ ಬಿದ್ದರೂ ಸಾಕು. ನದಿಗಿಳಿದು ಚಿತ್ರ ತೆಗೆಸಿಕೊಳ್ಳುವ ಆಸೆಗೂ ಕಡಿವಾಣ ಬೇಕು. 2014ರ ಜೂನ್ 8ರಂದು, ನಾನು ಹೇಳಿದ ಔಟ್ ಊರಿನಿಂದ ಹೆಚ್ಚು ದೂರವಿಲ್ಲದ ಕಡೆ, ಬಿಯಾಸ್ ನದಿಯ ಬಂಡೆಗಳ ಮೇಲೆ ನಿಂತಿದ್ದ 24 ಇಂಜಿನಿಯರಿಂಗ್ ವಿದ್ಯಾರ್ಥಿಗಳು ಅಣೆಕಟ್ಟಿನಿಂದ ಬಿಟ್ಟ ನೀರಿನಲ್ಲಿ ಕೊಚ್ಚಿಹೋದರು. ಹೈದರಾಬಾದಿನಿಂದ ಪ್ರವಾಸ ಬಂದಿದ್ದ, ನಿಮ್ಮದೇ ವಯಸ್ಸಿನ ಮಕ್ಕಳು ಅವರು.

ಆಹಾರವನ್ನು ಮಲಗುವ ಡೇರೆಯಲ್ಲಿ ಇಟ್ಟುಕೊಳ್ಳಬೇಡಿ. ಕರಡಿಯ ಮೂಗು ನಮ್ಮ ಮೂಗಿಗಿಂತ ಬಹಳ ಚುರುಕು. ಪ್ರಾಣಿ ಕಂಡರೆ ಓಡಬೇಡಿ, ಹತ್ತಿರ ಹೋಗಬೇಡಿ, ಅದಕ್ಕೆ ದಾರಿ ಬಿಟ್ಟು ನಿಧಾನವಾಗಿ ಹಿಂದೆ ಸರಿಯಿರಿ. ಬಹಿರ್ದೆಸೆಗೆ ನೀರಿನಿಂದ ಕನಿಷ್ಠ 60 ಮೀಟರ್ ದೂರ ಹೋಗಿ, ಗೇಣುದ್ದದ ಗುಂಡಿ ತೋಡಿ ಮಣ್ಣು ಮುಚ್ಚಿ. ಪ್ಲಾಸ್ಟಿಕ್, ಬ್ಯಾಟರಿ, ಸ್ಯಾನಿಟರಿ ಪ್ಯಾಡುಗಳು, ಮುಚ್ಚಿದ ಚೀಲದಲ್ಲಿ ನಿಮ್ಮೊಡನೆಯೇ ಊರಿಗೆ ಮರಳಬೇಕು. ಕಿತ್ತಳೆ ಸಿಪ್ಪೆಯೂ ಅಷ್ಟೇ. ಸಾಬೂನು ತೊರೆಗೆ ಬೀಳಬಾರದು. ಹಾಡುವ ಯಂತ್ರವನ್ನು ಮನೆಯಲ್ಲೇ ಬಿಡಿ. ರಾತ್ರಿಯ ಕಾಡಿಗೆ ತನ್ನದೇ ಸದ್ದಿದೆ. ಅದನ್ನು ಕೇಳಲೆಂದೇ ಅಲ್ಲವೇ ಅಷ್ಟು ದೂರ ಹೋಗುವುದು?

ಹಿಂದಿರುಗುವ ನಿರ್ಧಾರ

ಹೊರಡುವ ಮುನ್ನ ಒಂದು ಹಾಳೆಯಲ್ಲಿ ಯಾರು ಯಾರು, ಯಾವ ದಾರಿ, ಎಲ್ಲಿ ತಂಗುತ್ತೀರಿ, ಎಂದು ಎಷ್ಟು ಹೊತ್ತಿಗೆ ಹಿಂದಿರುಗುತ್ತೀರಿ ಎಂದು ಬರೆದು ಮನೆಯಲ್ಲಿ ಒಂದು ಪ್ರತಿ, ಕೊನೆಯ ಊರಿನಲ್ಲಿ ಒಂದು ಪ್ರತಿ ಕೊಡಿ. ಹೇಳಿದ ಹೊತ್ತಿಗೆ ಸುದ್ದಿ ಬಾರದಿದ್ದರೆ ಅವರು ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಬೇಕೆಂದು ತಿಳಿಸಿರಿ. ಕಣಿವೆಯೊಳಗೆ ಫೋನ್ ಕೆಲಸ ಮಾಡುತ್ತದೆಂದು ನಂಬಿಕೊಳ್ಳಬೇಡಿ. ನಕ್ಷೆಯನ್ನು ಫೋನಿನಲ್ಲಿ ಇಳಿಸಿಕೊಂಡಿದ್ದರೂ ಕಾಗದದ್ದೂ ಒಂದಿರಲಿ. ಪ್ರತಿಯೊಬ್ಬರ ಕೊರಳಲ್ಲಿ ಒಂದು ಸೀಟಿ ಇರಲಿ. ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದುವುದು ಪರ್ವತ ಪ್ರದೇಶಗಳಲ್ಲಿ ಅಪಾಯದ ಸಂಕೇತ. ಕೂಗು ಬೇಗ ಸೋಲುತ್ತದೆ, ಸೀಟಿ ಸೋಲುವುದಿಲ್ಲ.

ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಹೊರಡುವ ದಿನದವರೆಗೂ ನೋಡುತ್ತಿರಿ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ ಕರ್ನಾಟಕದ ತಂಡ ಹಿಮಗಾಳಿಗೆ ಸಿಕ್ಕಿ ಒಂಬತ್ತು ಮಂದಿ ಮೃತಪಟ್ಟದ್ದು ನಿಮಗೆ ನೆನಪಿರಬಹುದು. ದೊಡ್ಡ ಪರ್ವತಗಳಲ್ಲಿ ಕೆಲವು ಗಂಟೆಗಳೊಳಗೆ ಬೇಸಿಗೆ ಚಳಿಗಾಲವಾಗಬಲ್ಲದು. ಅನುಭವಿಗಳನ್ನೂ ಅದು ಬಿಡುವುದಿಲ್ಲ. ಆ ಹೆಸರುಗಳನ್ನು ನೆನೆಯುವಾಗ ನಾವು ತಪ್ಪು ಹುಡುಕಬೇಕಾಗಿಲ್ಲ, ವಿನಯ ಕಲಿಯಬೇಕು.

ಆದ್ದರಿಂದ ಮನೆಯಲ್ಲಿ ಕುಳಿತು ಯೋಚಿಸುವಾಗಲೇ ಒಂದು ಗಂಟೆಯನ್ನು ಗೊತ್ತುಮಾಡಿ ಬರೆದಿಡಿ. ಆ ಹೊತ್ತಿಗೆ ಎಲ್ಲಿದ್ದರೂ, ಬಿಡಾರವೋ ಶಿಖರವೋ ಕಣ್ಣಿಗೆ ಕಾಣುತ್ತಿದ್ದರೂ, ಹಿಂದಿರುಗುವುದು. ತಂಡದಲ್ಲಿ ಒಬ್ಬರು "ಸಾಕು" ಎಂದರೆ ಎಲ್ಲರೂ ತಿರುಗುವುದು. ಹಾಗೆಂದವರನ್ನು ಯಾರೂ ಹಾಸ್ಯ ಮಾಡಬಾರದು. ಮೇಲೆ ಹೋದ ಮೇಲೆ ಈ ತೀರ್ಮಾನ ಕಷ್ಟ. ಕಲ್ಲುಮಂಟಪದಲ್ಲಿ ನಮ್ಮಲ್ಲೊಬ್ಬ "ಇವತ್ತಿಗೆ ಸಾಕು ಕಣ್ರೋ, ನೀರಿಲ್ಲ" ಎಂದಿದ್ದ. ನಾವು ನಕ್ಕು ಮುಂದೆ ನಡೆದೆವು. ಪಾದ ಉಳುಕಿಸಿಕೊಂಡವನು ಅವನೇ. ಅವನಿಗೀಗ ನಿಮ್ಮ ವಯಸ್ಸಿನ ಮಗಳಿದ್ದಾಳೆ. ಅವಳು ಚಾರಣಕ್ಕೆ ಹೊರಟಾಗ ಅಪ್ಪ ಬೇಡವೆನ್ನಲಿಲ್ಲ. ನೀರಿನ ಲೆಕ್ಕ ಕೇಳಿದ, ಹಿಂದಿರುಗುವ ಗಂಟೆ ಕೇಳಿದ, ಟಾರ್ಚು ಹೊತ್ತಿಸಿ ನೋಡಿದ.

ನೀವೂ ಹೋಗಿ ಬನ್ನಿ. ಅನುಮತಿ ಪತ್ರ, ಸಮಯದ ಲೆಕ್ಕ, ನೀರಿನ ಗುರುತು, ಒಣ ಬಟ್ಟೆ, ಹಿಂದಿರುಗುವ ಗಂಟೆ ಈ ಐದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಅದನ್ನು ಹಿರಿಯರೊಬ್ಬರಿಗೆ ತೋರಿಸಿದ ಮೇಲೆ ಚೀಲ ಕಟ್ಟಿ. ಮರಳಿ ಬಂದು ನಮಗೊಂದು ಪತ್ರ ಬರೆಯಿರಿ. ಯಾವ ಹಕ್ಕಿ ಕಂಡಿತು, ರಾತ್ರಿ ಯಾವ ಸದ್ದು ಕೇಳಿಸಿತು, ಎಲ್ಲಿ ಲೆಕ್ಕ ತಪ್ಪಿತು ಎಂಬುದನ್ನೂ ತಿಳಿಸಿ. ಮುಂದೆ ಹೋಗುವವರಿಗೆ ಅದು ಉಪಯೋಗಕ್ಕೆ ಬರುತ್ತದೆ.